ನಂದಿ ಹಾಲ್ಟ್: ರೈಲು ನಿಲ್ಲುವ ಜಾಗದ ಚರಿತ್ರೆ

ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುವ ರೈಲು ನಂದಿಬೆಟ್ಟದ ಬುಡದಲ್ಲಿ ಒಂದು ಸಣ್ಣ ನಿಲ್ದಾಣ ಹಾಯುತ್ತದೆ. ಅದರ ಹೆಸರು ನಂದಿ ಹಾಲ್ಟ್. ಊರಿನ ಹೆಸರು ನಂದಿ. ಹಾಲ್ಟ್ ಎಂಬುದು ರೈಲ್ವೆಯವರು ಕೊಟ್ಟ ದರ್ಜೆ. ಆದರೆ ನೂರು ವರ್ಷ ಹೀಗೇ ಕರೆದು ಕರೆದು ದರ್ಜೆಯೇ ಹೆಸರಾಗಿದೆ. ಹೈಸ್ಕೂಲು ಮೇಷ್ಟ್ರನ್ನು ಊರಿನವರೆಲ್ಲ 'ಮೇಷ್ಟ್ರೇ' ಎಂದು ಕರೆದು ಅವರ ಹೆಸರು ಮರೆತುಹೋಗುತ್ತದಲ್ಲ, ಹಾಗೆ.

ಹಳೆಯ ಕೋಲಾರ ಜಿಲ್ಲೆಯ ಸಾರಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಹಾಲ್ಟುಗಳು ಬಗೆಹರಿಯದ ಒಂದು ತೊಡಕು. ದೊಡ್ಡ ನಿಲ್ದಾಣಕ್ಕೆ ದಾಖಲೆ ಇರುತ್ತದೆ: ಎಷ್ಟು ಟನ್ನು ಸರಕು ಬಂತು, ಯಾವ ಸ್ಟೇಷನ್ ಮಾಸ್ಟರ್ ಯಾವಾಗ ವರ್ಗವಾದ, ಗೋಡೌನಿನ ಬಾಗಿಲು ಯಾವಾಗ ದುರಸ್ತಿಯಾಯಿತು, ಎಲ್ಲವೂ ಕಡತದಲ್ಲಿ ಸಿಗುತ್ತವೆ. ಹಾಲ್ಟಿನಲ್ಲಿ ಬರೆಯುವ ನೌಕರನೇ ಇರಲಿಲ್ಲ. ಬರೆಯುವವರಿಲ್ಲದ ಕಡೆ ಕಡತವೂ ಇರುವುದಿಲ್ಲ. ಹಾಗಾದರೆ ಇಂಥ ಜಾಗಕ್ಕೆ ಚರಿತ್ರೆ ಬರೆಯುವುದು ಹೇಗೆ?

ಮೊದಲು ಪದದಿಂದಲೇ ಶುರುಮಾಡೋಣ. ರೈಲ್ವೆಯ ಅರ್ಥದಲ್ಲಿ ಹಾಲ್ಟ್ ಎಂಬ ಮಾತು ಚಾಲ್ತಿಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. 1903ರಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಸ್ಟ್ರೌಡ್ ಎಂಬ ಕಣಿವೆಯಲ್ಲಿ ಎಂಜಿನ್ನೂ ಡಬ್ಬಿಯೂ ಒಂದೇ ಆದ ಪುಟ್ಟ ರೈಲುಗಳನ್ನು ಓಡಿಸತೊಡಗಿತು. ರಸ್ತೆಯ ಮೇಲೆ ಟ್ರಾಮು ಬರುವ ಭಯವಿತ್ತು. ಟ್ರಾಮು ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ, ರೈಲು ನಿಲ್ಲುವುದಿಲ್ಲ. ಹಾಗಾಗಿ ನಿಲ್ದಾಣ ಕಟ್ಟುವ, ಸಂಬಳ ಕೊಡುವ ಖರ್ಚಿಲ್ಲದೆ ರೈಲನ್ನು ಹೆಚ್ಚು ಕಡೆ ನಿಲ್ಲಿಸುವ ಉಪಾಯವಾಗಿ ಹಾಲ್ಟ್ ಬಂತು. ಒಂದು ಗಿಡ್ಡ ಜಗಲಿ, ಒಂದು ಫಲಕ, ರಾತ್ರಿಗೊಂದು ದೀಪ. ಟಿಕೆಟ್ಟನ್ನು ರೈಲಿನೊಳಗೆ ಗಾರ್ಡನೇ ಕೊಡುತ್ತಿದ್ದ. ಅಂದರೆ ಹಾಲ್ಟ್ ಹುಟ್ಟಿದ್ದೇ ಪೈಪೋಟಿಯಿಂದ, ಜಿಪುಣತನದಿಂದ. ಈ ಜಿಪುಣತನವನ್ನು ನಾನು ಬೈಯುತ್ತಿಲ್ಲ. ಅದು ಇಲ್ಲದಿದ್ದರೆ ಸಾವಿರಾರು ಹಳ್ಳಿಗಳ ಮುಂದೆ ರೈಲು ನಿಲ್ಲುತ್ತಲೇ ಇರಲಿಲ್ಲ.

ನಮ್ಮ ಕಡೆ ಹಾಲ್ಟ್ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಿನಾ ರೈಲಿನಲ್ಲಿ ಓಡಾಡುವವರಿಗೂ ಇದು ಗೊತ್ತಿರುವುದು ಕಡಿಮೆ. ಒಂಟಿ ಹಳಿಯ ಮೇಲೆ ಎರಡು ರೈಲು ಎದುರುಬದುರಾಗದಂತೆ ನೋಡಿಕೊಳ್ಳುವುದು ರೈಲ್ವೆಯ ಮೊದಲ ಕೆಲಸ. ಅದಕ್ಕಾಗಿ ದಾರಿಯನ್ನು ತುಂಡುಗಳಾಗಿ ಮಾಡಿರುತ್ತಾರೆ. ಒಂದು ತುಂಡಿನ ಈ ತುದಿಯ ಸ್ಟೇಷನ್ ಮಾಸ್ಟರ್ ಆ ತುದಿಯ ಮಾಸ್ಟರನ್ನು ಕೇಳಿ, ದಾರಿ ಖಾಲಿ ಇದೆ ಎಂದು ಖಾತ್ರಿಯಾದ ಮೇಲಷ್ಟೇ ರೈಲು ಬಿಡುತ್ತಾರೆ. ಸಿಗ್ನಲ್ಲು, ಲೂಪ್ ಲೈನು, ಹಳಿ ಬದಲಿಸುವ ಪಾಯಿಂಟು ಎಲ್ಲ ಇರುವುದು ಈ ತುದಿಗಳಲ್ಲಿ. ಹಾಲ್ಟ್ ಇರುವುದು ತುಂಡಿನ ನಡುವೆ. ಅಲ್ಲಿ ಸಿಗ್ನಲ್ಲಿಲ್ಲ, ಲೂಪಿಲ್ಲ, ಎರಡು ರೈಲುಗಳ ಕ್ರಾಸಿಂಗ್ ಇಲ್ಲ. ರೈಲ್ವೆಯ ನಿಯಮದ ಭಾಷೆಯಲ್ಲಿ ಅದು ಡಿ ಕ್ಲಾಸ್. ರೈಲು ಓಡಿಸುವ ವ್ಯವಸ್ಥೆಯ ದೃಷ್ಟಿಯಿಂದ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚಾಲಕ ವೇಳಾಪಟ್ಟಿ ನೋಡಿ ಬ್ರೇಕು ಹಾಕುತ್ತಾನೆ, ಜನ ಇಳಿದು ಹತ್ತುತ್ತಾರೆ, ಗಾರ್ಡು ಹಸಿರು ತೋರಿಸುತ್ತಾನೆ, ರೈಲು ಹೊರಡುತ್ತದೆ. ಗಾರ್ಡುಗಳಿಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೊಸ ಹೆಸರು ಬಂದಿದೆ, ಹಸಿರು ಬಾವುಟ ಮಾತ್ರ ಹಳೆಯದೇ.

ಟಿಕೆಟ್ಟಿನದು ಇನ್ನೂ ಸ್ವಾರಸ್ಯ. ಹಾಲ್ಟಿನಲ್ಲಿ ಟಿಕೆಟ್ ಮಾರುವವರು ರೈಲ್ವೆ ನೌಕರರಲ್ಲ. ಅದೇ ಊರಿನ ಯಾರೋ ಒಬ್ಬರು ಗುತ್ತಿಗೆ ಹಿಡಿದಿರುತ್ತಾರೆ. ಅವರನ್ನು ಹಾಲ್ಟ್ ಏಜೆಂಟ್ ಎನ್ನುತ್ತಾರೆ. ಹತ್ತಿರದ ದೊಡ್ಡ ನಿಲ್ದಾಣದಲ್ಲಿ ಮೊದಲೇ ದುಡ್ಡು ಕಟ್ಟಿ ಟಿಕೆಟ್ಟುಗಳನ್ನು ತಂದುಕೊಳ್ಳಬೇಕು, ಮಾರಿದ್ದರ ಮೇಲೆ ಕಮಿಷನ್ ಬರುತ್ತದೆ. ಸಂಬಳವಿಲ್ಲ, ಪಿಂಚಣಿಯಿಲ್ಲ, ಕ್ವಾರ್ಟರ್ಸ್ ಇಲ್ಲ. ಅಂಗಡಿಯೋ ಹೊಲವೋ ಇದ್ದವರು ಅದರ ಜೊತೆಗೆ ಇದನ್ನೂ ನಡೆಸುತ್ತಾರೆ. ಬಹುಕಾಲ ಅವರ ಕೈಯಲ್ಲಿದ್ದದ್ದು ಬೆರಳೆರಡರ ಅಗಲದ ದಪ್ಪ ರಟ್ಟಿನ ಟಿಕೆಟ್ಟು. ಈಗಿನ ಹುಡುಗರು ಅದನ್ನು ನೋಡಿರಲಾರರು. 1830ರ ದಶಕದ ಕೊನೆಗೆ ಇಂಗ್ಲೆಂಡಿನ ಒಂದು ಸಣ್ಣ ನಿಲ್ದಾಣದ ಮಾಸ್ಟರ್ ಆಗಿದ್ದ ಥಾಮಸ್ ಎಡ್ಮಂಡ್ಸನ್ ಎಂಬಾತ, ಪ್ರತಿ ಪ್ರಯಾಣಿಕನಿಗೂ ಕೈಯಲ್ಲಿ ಚೀಟಿ ಬರೆದು ಸಾಕಾಗಿ, ಅಚ್ಚು ಹಾಕಿದ, ಕ್ರಮಸಂಖ್ಯೆಯಿರುವ ಈ ರಟ್ಟಿನ ಚೀಟಿ ಕಂಡುಹಿಡಿದ. ಕ್ರಮಸಂಖ್ಯೆ ಇದ್ದುದರಿಂದ ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ತಾನಾಗಿಯೇ ಸಿಗುತ್ತಿತ್ತು. ನೌಕರನಲ್ಲದವನನ್ನು ನಂಬಿ ಟಿಕೆಟ್ಟು ಕೊಡಲು ರೈಲ್ವೆಗೆ ಧೈರ್ಯ ಬಂದದ್ದರಲ್ಲಿ ಆ ಸಂಖ್ಯೆಯ ಪಾಲು ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಈಗ ಹಳಿಗೆ ಬರೋಣ. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎರಡು ರೈಲು ದಾರಿಗಳಿವೆ, ಎರಡಕ್ಕೂ ಬೇರೆಬೇರೆ ಕಾಲ, ಬೇರೆಬೇರೆ ಉದ್ದೇಶ. ಪಶ್ಚಿಮದ್ದು ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು ಮೂಲಕ ಹಿಂದೂಪುರಕ್ಕೆ ಹೋಗುವುದು. 1890ರ ದಶಕದ ಮೊದಲ ವರ್ಷಗಳಲ್ಲಿ ಮೀಟರ್ ಗೇಜಿನಲ್ಲಿ ಬಂದ ದಾರಿ ಅದು. ಮೈಸೂರು ಸಂಸ್ಥಾನವನ್ನು ಉತ್ತರದ ರೈಲು ಜಾಲಕ್ಕೆ ಜೋಡಿಸುವುದು ಅದರ ಕೆಲಸ. ದೂರದ ಊರುಗಳಿಗೆ ಹೋಗುವ ರೈಲುಗಳ ಹೆದ್ದಾರಿ. ಗೌರಿಬಿದನೂರು ಅದರ ದಾರಿಯಲ್ಲಿ ಸಿಕ್ಕಿತು, ಅಷ್ಟೆ.

ಪೂರ್ವದ ದಾರಿ ಹಾಗಲ್ಲ. ಅದು ಈ ಊರುಗಳಿಗಾಗಿಯೇ ಹಾಕಿದ್ದು. ಬೌರಿಂಗ್‌ಪೇಟೆ, ಅಂದರೆ ಇವತ್ತಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಪುಟ್ಟ ರೈಲು ಬಂತು. ಇತ್ತ ಯಲಹಂಕದ ಕಡೆಯಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಬಂತು. ಈ ತುಂಡನ್ನು ಹಾಕಿದ್ದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ. ನಡುವಿನ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಪೋಣಿಸುವ ಕೋಲಾರ–ಚಿಕ್ಕಬಳ್ಳಾಪುರದ ಸುಮಾರು 85 ಕಿಲೋಮೀಟರು ಅದೇ ಹೊತ್ತಿನಲ್ಲಿ ಪೂರ್ತಿಯಾಗಿ, ಯಲಹಂಕದಿಂದ ಬಂಗಾರಪೇಟೆಯವರೆಗೆ ಸುಮಾರು 150 ಕಿಲೋಮೀಟರಿನ ಒಂದು ಬಿಲ್ಲು ತಯಾರಾಯಿತು. ಆಗ ದಿವಾನರಾಗಿದ್ದವರು ನಂದಿಯ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ಅವರ ದಿವಾನಗಿರಿ. ತಮ್ಮ ಊರಿಗೆ ರೈಲು ತಂದುಕೊಂಡರು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಕೋಲಾರದ ತುಂಡಿನ ಯೋಜನೆ ಅವರು ದಿವಾನರಾಗುವ ಮೊದಲಿನದು ಎನ್ನುವುದನ್ನು 1913ರ ಇಸವಿಯೇ ಸೂಚಿಸುತ್ತದೆ; ಹಳಿ ಹಾಕುವುದು ಒಂದು ವರ್ಷದ ಕೆಲಸವಲ್ಲ.

ಈ ಬಿಲ್ಲಿನ ಹಳಿಗಳ ನಡುವಿನ ಅಗಲ ಎರಡೂವರೆ ಅಡಿ, 762 ಮಿಲಿಮೀಟರು. ಈಗಿನ ಬ್ರಾಡ್ ಗೇಜಿನ 1,676 ಮಿಲಿಮೀಟರಿನ ಅರ್ಧಕ್ಕಿಂತ ಕಡಿಮೆ. ಎವೆರಾರ್ಡ್ ಕಾಲ್ತ್ರಾಪ್ ಎಂಬ ಎಂಜಿನಿಯರ್ 1897ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಈ ಅಳತೆಯ ರೈಲು ಓಡಿಸಿ, ಸಣ್ಣ ಹಳಿಯೂ ಒಳ್ಳೆಯ ಹೊರೆ ಹೊರುತ್ತದೆ ಎಂದು ತೋರಿಸಿದ್ದ. ಹಳಿ ಹಗುರ, ಸೇತುವೆ ಹಗುರ, ತಿರುವು ಬಿಗಿಯಾಗಿದ್ದರೂ ನಡೆಯುತ್ತದೆ. ಗುಡ್ಡ ಅಡ್ಡ ಬಂದರೆ ಕೊರೆಯಬೇಕಿಲ್ಲ, ಬಳಸಿಕೊಂಡು ಹೋಗಬಹುದು. ಕೆರೆ ಅಡ್ಡ ಬಂದರೂ ಹಾಗೇ. ನಂದಿಯ ಸುತ್ತಲ ಬೆಟ್ಟಸಾಲು, ಕೋಲಾರದ ಸಾಲುಕೆರೆಗಳ ನಡುವೆ ಹಳಿ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುತ್ತಿರಲಿಲ್ಲ. ಪ್ರತಿಫಲವಾಗಿ ಕಳೆದುಕೊಂಡದ್ದು ವೇಗ. ರೈಲು ನಿಧಾನ ಹೋಗುತ್ತಿತ್ತು.

ನಿಧಾನ ಹೋಗುವ ರೈಲಿಗೆ ನಿಲ್ಲುವುದು ಅಗ್ಗ. ಈ ಒಂದು ಮಾತು ಹಾಲ್ಟುಗಳ ಇಡೀ ಚರಿತ್ರೆಗೆ ಕೀಲಿಕೈ ಎಂದು ನಾನು ತಿಳಿದಿದ್ದೇನೆ. ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಹೋಗುವ ರೈಲು ಒಂದು ನಿಮಿಷ ನಿಲ್ಲಬೇಕಾದರೆ ಬಹಳ ಮೊದಲೇ ವೇಗ ಇಳಿಸಬೇಕು, ಆಮೇಲೆ ಅಷ್ಟೇ ದೂರ ಓಡಿ ವೇಗ ಏರಿಸಬೇಕು. ಒಂದು ನಿಮಿಷದ ನಿಲುಗಡೆ ನಿಜಕ್ಕೂ ಮೂರು ನಾಲ್ಕು ನಿಮಿಷ ತಿನ್ನುತ್ತದೆ. ಎತ್ತಿನಗಾಡಿಗಿಂತ ಸ್ವಲ್ಪ ಚುರುಕಾಗಿ ಹೋಗುವ ರೈಲಿಗೆ ಆ ನಷ್ಟವಿಲ್ಲ. ಹಾಗಾಗಿ ಚಿಕ್ಕ ಹಳಿಯ ಮೇಲೆ ಬೆಟ್ಟಹಲಸೂರು, ದೊಡ್ಡಜಾಲ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿಯಂಥ ಊರುಗಳಿಗೆ ರೈಲಿನಲ್ಲಿ ಜಾಗ ಸಿಕ್ಕಿತು. ಆವತಿಯನ್ನೇ ನೋಡಿ. ದೇವನಹಳ್ಳಿಯ, ಚಿಕ್ಕಬಳ್ಳಾಪುರದ ಪಾಳೆಯಗಾರರು ತಮ್ಮ ಮೂಲ ಹೇಳಿಕೊಳ್ಳುತ್ತಿದ್ದದ್ದು ಆವತಿಯ ನಾಡಪ್ರಭುಗಳಿಂದ. ಅಷ್ಟೂ ಕೋಟೆಗಳ ತಾಯಿಬೇರು ಇರುವ ಊರು ರೈಲ್ವೆಯ ಲೆಕ್ಕದಲ್ಲಿ ಕೊನೆಯ ದರ್ಜೆ. 2017ರವರೆಗೂ ನಿಲ್ದಾಣಗಳನ್ನು ಎ ಒನ್‌ನಿಂದ ಎಫ್‌ವರೆಗೆ ವಿಂಗಡಿಸುತ್ತಿದ್ದರು, ಎಫ್ ಎಂದರೆ ಹಾಲ್ಟ್. ಚರಿತ್ರೆಯ ಪುಸ್ತಕದ ದರ್ಜೆಗೂ ವೇಳಾಪಟ್ಟಿಯ ದರ್ಜೆಗೂ ಇಷ್ಟೇ ಸಂಬಂಧ.

ರೈಲು ಬಂದ ಮಾತ್ರಕ್ಕೆ ಎಲ್ಲರೂ ಹತ್ತಿದರು ಎಂದೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು, 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. ಪ್ರಯಾಣಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಅಷ್ಟು ಹೊತ್ತಿಗೆ ಗೌರಿಬಿದನೂರಿಗೆ ರೈಲು ಬಂದು ನಾಲ್ಕು ದಶಕವಾಗಿತ್ತು. 'ಹೋರಾಟದ ಹಾದಿ' ಓದಿದವರಿಗೆ ಈ ನಡಿಗೆ ಗೊತ್ತಿರುತ್ತದೆ. ಅದನ್ನು ಸಾಮಾನ್ಯವಾಗಿ ಒಬ್ಬ ಹುಡುಗನ ಛಲದ ಕಥೆಯಾಗಿ ಓದುತ್ತೇವೆ. ರೈಲ್ವೆಯ ಚರಿತ್ರೆಯಾಗಿಯೂ ಓದಬೇಕು. ಹಳಿ ಪಕ್ಕದಲ್ಲೇ ಇದ್ದರೂ ಅದು ತನ್ನದಲ್ಲದವರು ಎಷ್ಟು ಜನ ಇದ್ದರೋ, ಅವರಲ್ಲಿ ಒಬ್ಬರು ಮಾತ್ರ ಆತ್ಮಕಥೆ ಬರೆದರು. ಅದೇ ಹಳಿಯ ಮುಂದಿನ ಊರು ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ಹೊಂದಿಕೆಯಿಲ್ಲ. ಸಣ್ಣ ಊರುಗಳ ದಾಖಲೆಯ ತೊಡಕು ರೈಲಿಗಷ್ಟೇ ಸೀಮಿತವಲ್ಲ.

1951ರ ಏಪ್ರಿಲ್ 14ರಂದು ಮೈಸೂರು ರೈಲ್ವೆ ಹೋಗಿ ದಕ್ಷಿಣ ರೈಲ್ವೆ ಬಂತು. ಪುಟ್ಟ ರೈಲು ಮುಂದೆಯೂ ಓಡುತ್ತಿತ್ತು, ಆದರೆ ರಸ್ತೆ ಗೆಲ್ಲತೊಡಗಿತ್ತು. ಇದಕ್ಕೆ ರೇಷ್ಮೆಗೂಡಿನ ಉದಾಹರಣೆ ಸಾಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದಲ್ಲಿ ರಾಮನಗರದ ಜೊತೆ ಹೆಸರು ಹೇಳುವಂಥದ್ದು. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತುಮಾಡಿ ಹೊರಬರುತ್ತದೆ. ಅಷ್ಟರೊಳಗೆ ಬಿಡಿಸಿ, ಮಾರಿ ಮುಗಿದಿರಬೇಕು. ಗೂಡು ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ, ಅದುಮಿದರೆ ಕೆಡುತ್ತದೆ. ಬೆಳಗಿನ ಹರಾಜಿಗೆ ತಲುಪದಿದ್ದರೆ ರೈತನಿಗೆ ನಷ್ಟ. ದಿನಕ್ಕೆ ಒಂದೆರಡು ಬಾರಿ ಬರುವ ರೈಲಿಗೆ ಕಾಯುವುದಕ್ಕಿಂತ ಹೊಲದ ಬದುವಿಗೇ ಬರುವ ಟೆಂಪೋ ಮೇಲು. ಚಿಂತಾಮಣಿಯ ಟೊಮೆಟೊಗೂ, ಚಿಕ್ಕಬಳ್ಳಾಪುರದ ಹೂವಿಗೂ ಇದೇ ತರ್ಕ. ರೈಲು ಸೋತದ್ದು ವೇಗದಲ್ಲಿ ಮಾತ್ರವಲ್ಲ, ಹೊತ್ತಿನಲ್ಲಿ.

1992ರಲ್ಲಿ ದೇಶಕ್ಕೆಲ್ಲ ಒಂದೇ ಅಗಲದ ಹಳಿ ಎಂಬ ಯೂನಿಗೇಜ್ ಯೋಜನೆ ಶುರುವಾಯಿತು. ಯಲಹಂಕ–ಚಿಕ್ಕಬಳ್ಳಾಪುರದ ತುಂಡೂ ಬಂಗಾರಪೇಟೆ–ಕೋಲಾರದ ತುಂಡೂ 1990ರ ದಶಕದಲ್ಲೇ ಬ್ರಾಡ್ ಗೇಜಾದವು. ನಡುವಿನ ಚಿಂತಾಮಣಿ, ಶಿಡ್ಲಘಟ್ಟಗಳದ್ದು ಹಿಂದೆ ಬಿತ್ತು. ಹಳೆಯ ಹಳಿ ಕಿತ್ತ ಮೇಲೆ ವರ್ಷಗಟ್ಟಲೆ ಆ ಊರುಗಳಿಗೆ ರೈಲೇ ಇರಲಿಲ್ಲ. ಕೊನೆಗೂ ಕೋಲಾರ–ಚಿಕ್ಕಬಳ್ಳಾಪುರ ಬ್ರಾಡ್ ಗೇಜಿನಲ್ಲಿ ಮತ್ತೆ ತೆರೆದದ್ದು 2013ರ ಕೊನೆಯಲ್ಲಿ. ಒಂದು ತಲೆಮಾರಿನ ಮಕ್ಕಳು ರೈಲಿಲ್ಲದ ರೈಲ್ವೆ ಗೇಟು ದಾಟಿ ಶಾಲೆಗೆ ಹೋದರು. ರೈಲು ಹಿಂತಿರುಗಿದಾಗ ಅವರು ಬಸ್ಸಿನ ಜನ ಆಗಿಬಿಟ್ಟಿದ್ದರು.

ಹಳಿ ಅಗಲವಾದಾಗ ಹಳೆಯ ಕಟ್ಟಡಗಳು ಬೇಡವಾದವು. ಪುಟ್ಟ ರೈಲಿನ ಅಳತೆಗೆ ಕಟ್ಟಿದ, ಹೆಂಚಿನ ಮಾಡಿನ, ದಪ್ಪ ಗೋಡೆಯ ಆ ಕೋಣೆಗಳು ಹಾಳುಬಿದ್ದು, ಮೇಲೆ ಆಲದ ಸಸಿ ಎದ್ದು, ಒಳಗೆ ಇಸ್ಪೀಟು ನಡೆಯುವ ಸ್ಥಿತಿಗೆ ಬಂದವು. ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆಯ ಜೊತೆ ಸೇರಿ ಈ ದಾರಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳತ್ತ ಗಮನ ಸೆಳೆಯಿತು, ನಂದಿ ಹಾಲ್ಟಿನ ಕಟ್ಟಡದ ಜೀರ್ಣೋದ್ಧಾರವೂ ಆಯಿತು. ಸಿಮೆಂಟು ಬಳಿಯದೆ ಗಾರೆಯಲ್ಲೇ ಮಾಡಿದ ಕೆಲಸ, ನೋಡಲು ಸೊಗಸಾಗಿದೆ. ಶನಿವಾರ ಭಾನುವಾರ ಬೆಟ್ಟಕ್ಕೆ ಹೋಗುವ ಬೆಂಗಳೂರಿನ ತರುಣ ತರುಣಿಯರು ಇಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ನನ್ನ ತಕರಾರು ಇರುವುದು ಇಲ್ಲೇ. ಹಾಲ್ಟಿನ ಪರಂಪರೆ ಎಂದರೆ ಅದರ ಕಟ್ಟಡವೇ? ಹಾಲ್ಟಿಗೆ ಕಟ್ಟಡ ಇರಲೇಬೇಕು ಎಂದೇನೂ ಇಲ್ಲ. ಎಷ್ಟೋ ಹಾಲ್ಟುಗಳಲ್ಲಿ ಒಂದು ಬೇವಿನ ಮರ, ಒಂದು ಫಲಕ ಬಿಟ್ಟರೆ ಬೇರೇನಿಲ್ಲ. ಅದನ್ನು ನಿಲ್ದಾಣವಾಗಿಸುವುದು ರೈಲು ನಿಲ್ಲುತ್ತದೆ ಎಂಬ ಒಪ್ಪಂದ. ಗೋಡೆಗೆ ಗಾರೆ ಮೆತ್ತಿ, ರೈಲು ಮಾತ್ರ ನಿಲ್ಲದೆ ಹೋದರೆ ನಮಗೆ ಉಳಿಯುವುದು ಒಂದು ಚೆಂದದ ಮನೆ. ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ಇದಕ್ಕೆ ಹೋಲಿಸಬಹುದಾದ ಉದಾಹರಣೆ. ಶಂಕರ್‌ನಾಗ್ ತಮ್ಮ ಧಾರಾವಾಹಿಗಾಗಿ ಅದನ್ನು ಮಾಲ್ಗುಡಿ ನಿಲ್ದಾಣ ಮಾಡಿದರು, 2020ರಲ್ಲಿ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಆರ್.ಕೆ. ನಾರಾಯಣ್ ಅವರ ಮನಸ್ಸಿನಲ್ಲಿ ಮಾಲ್ಗುಡಿ ಮೊದಲು ಹೊಳೆದದ್ದೇ ಒಂದು ಸಣ್ಣ ರೈಲು ನಿಲ್ದಾಣವಾಗಿ. ಊರು ಆಮೇಲೆ ಬಂತು. ಕಲ್ಪನೆಯ ನಿಲ್ದಾಣಕ್ಕೆ ಸಿಕ್ಕ ಗೌರವ ನಿಜವಾದ ಹಾಲ್ಟುಗಳಿಗೆ ಸಿಗುವುದು ಅವು ಯಾವುದಾದರೂ ಕಥೆಯ ವೇಷ ಹಾಕಿದಾಗ ಮಾತ್ರ ಎನ್ನುವುದು ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಖುಷಿ ಕೊಡುವ, ಚರಿತ್ರೆಯ ವಿದ್ಯಾರ್ಥಿಯಾಗಿ ಕಿರಿಕಿರಿ ಮಾಡುವ ಸಂಗತಿ.

ಸಣ್ಣ ನಿಲ್ದಾಣಗಳ ಬಗ್ಗೆ ಯೋಚಿಸುವವರು ಜಪಾನನ್ನು ನೋಡದೆ ಇರುವಂತಿಲ್ಲ. ಅಲ್ಲಿನ ಸುಮಾರು ಒಂಬತ್ತೂವರೆ ಸಾವಿರ ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನೌಕರರಿಲ್ಲ. ಅವನ್ನು ಮುಜಿನ್ ಎಕಿ ಎನ್ನುತ್ತಾರೆ. ಮುಜಿನ್ ಎಂದರೆ ಆಳಿಲ್ಲದ, ಎಕಿ ಎಂದರೆ ನಿಲ್ದಾಣ. ಅವರು ಹೆಸರಿನಲ್ಲಿ ಇಲ್ಲದ ಮನುಷ್ಯನನ್ನು ನೆನೆಯುತ್ತಾರೆ, ನಾವು ನಿಲ್ಲುವ ರೈಲನ್ನು ನೆನೆಯುತ್ತೇವೆ. ಹಳ್ಳಿಗಾಡಿನ ಇಂಥ ಎಷ್ಟೋ ದಾರಿಗಳಲ್ಲಿ ಹತ್ತುವಾಗ ಬಾಗಿಲ ಬಳಿಯ ಪೆಟ್ಟಿಗೆಯಿಂದ ನಂಬರಿನ ಚೀಟಿ ಎಳೆದುಕೊಂಡು, ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ನಮ್ಮ ಹಾಲ್ಟ್ ಏಜೆಂಟನ ಕೆಲಸ ಅಲ್ಲಿ ಪೆಟ್ಟಿಗೆ ಮಾಡುತ್ತದೆ.

ಅಲ್ಲಿಂದ ಬಂದ ಎರಡು ಕಥೆಗಳು ಲೋಕಪ್ರಸಿದ್ಧ. ಒಂದು, ವಕಾಯಾಮಾ ಪ್ರಾಂತದ ಕಿಶಿ ನಿಲ್ದಾಣದಲ್ಲಿ 2006ರಲ್ಲಿ ನೌಕರರನ್ನು ತೆಗೆದ ಮೇಲೆ, 2007ರ ಜನವರಿಯಲ್ಲಿ ತಾಮಾ ಎಂಬ ಬೆಕ್ಕನ್ನು ಸ್ಟೇಷನ್ ಮಾಸ್ಟರ್ ಮಾಡಿದ್ದು. ಟೋಪಿ ಹಾಕಿದ ಬೆಕ್ಕನ್ನು ನೋಡಲು ಜನ ಬಂದರು, ಮುಚ್ಚುವ ಹಂತದಲ್ಲಿದ್ದ ಆ ದಾರಿಗೆ ಉಸಿರು ಬಂತು. ಇನ್ನೊಂದು, 2016ರಲ್ಲಿ ಎಲ್ಲರ ಫೋನಿಗೂ ಬಂದ ಹೊಕ್ಕೈಡೊದ ಕಥೆ: ಒಬ್ಬ ಶಾಲಾ ಹುಡುಗಿಗಾಗಿ ರೈಲು ಓಡಿಸುತ್ತಿದ್ದಾರಂತೆ! ನಿಜವಾಗಿ ಆ ದಾರಿಯಲ್ಲಿ ರೈಲು ಎಲ್ಲರಿಗಾಗಿ ಓಡುತ್ತಿತ್ತು; ಕ್ಯೂ ಶಿರಾತಾಕಿ ಎಂಬ ಆಳಿಲ್ಲದ ನಿಲ್ದಾಣದಲ್ಲಿ ಅದು ನಿಲ್ಲುತ್ತಿತ್ತು, ಅಲ್ಲಿ ಹತ್ತುವವರಲ್ಲಿ ಆ ವಿದ್ಯಾರ್ಥಿನಿ ಇದ್ದಳು. 2016ರ ಮಾರ್ಚ್ 26ರಂದು ಹೊಸ ವೇಳಾಪಟ್ಟಿ ಬಂದಾಗ ನಿಲ್ದಾಣ ಮುಚ್ಚಿತು. ಕಥೆ ಹೀಗೆ ಸಣ್ಣದಾದರೂ ನನಗೆ ಇದೇ ಹೆಚ್ಚು ಇಷ್ಟ. ರೈಲು ಓಡಿಸುವುದು ದೊಡ್ಡ ಮಾತು, ನಿಲ್ಲಿಸುವುದು ಸಣ್ಣದು. ಆ ಸಣ್ಣದನ್ನೇ ಕೊಡಲು ಎಲ್ಲ ದೇಶಗಳಲ್ಲೂ ಲೆಕ್ಕ ಹಾಕುತ್ತಾರೆ. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಹೇಳಿದ್ದು ಇಂಥ ಲೆಕ್ಕದಿಂದಲೇ.

ಜಪಾನಿನ ಮೂರನೆಯ ಕಥೆ ಅಷ್ಟು ಮುದ್ದಾಗಿಲ್ಲ, ಹಾಗಾಗಿ ಯಾರ ಫೋನಿಗೂ ಬರಲಿಲ್ಲ. 2020ರಲ್ಲಿ ಒಯಿತಾ ಎಂಬಲ್ಲಿ ಗಾಲಿಕುರ್ಚಿ ಬಳಸುವವರು ರೈಲು ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ನೌಕರರಿಲ್ಲದ ನಿಲ್ದಾಣದಲ್ಲಿ ರೈಲು ಹತ್ತಲು ಸಹಾಯ ಬೇಕಾದರೆ ಮೊದಲೇ ತಿಳಿಸಿರಬೇಕು. ಉಳಿದವರಂತೆ ಮನಸ್ಸು ಬಂದಾಗ ಹೊರಡುವ ಸ್ವಾತಂತ್ರ್ಯ ತಮಗಿಲ್ಲ ಎಂಬುದು ಅವರ ವಾದ. ನಮ್ಮ ಹಾಲ್ಟುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿದವರೇ ಕಡಿಮೆ. ಎಷ್ಟೋ ಹಾಲ್ಟುಗಳ ಪ್ಲಾಟ್‌ಫಾರಂ ಹಳಿಯ ಮಟ್ಟದಲ್ಲೇ ಇರುತ್ತದೆ. ಸೊಪ್ಪಿನ ಮೂಟೆ ಇಟ್ಟುಕೊಂಡ ಅರವತ್ತರ ಹೆಂಗಸು ಎದೆಮಟ್ಟದ ಮೆಟ್ಟಿಲಿಗೆ ಕಾಲಿಡಬೇಕು, ಅದೂ ಒಂದು ನಿಮಿಷದೊಳಗೆ. ಮೇಲಿನಿಂದ ಯಾರಾದರೂ ಕೈ ಕೊಡುತ್ತಾರೆ. ಹಾಲ್ಟಿನಲ್ಲಿ ನೌಕರನಿಲ್ಲದ ಕೊರತೆಯನ್ನು ಪ್ರಯಾಣಿಕರೇ ತುಂಬುತ್ತಿರುತ್ತಾರೆ, ಆ ಕೆಲಸಕ್ಕೆ ಕಮಿಷನ್ ಇಲ್ಲ.

2021ರ ಜನವರಿ 4ರಂದು ಇದೇ ಹಳಿಯ ಮೇಲೆ, ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ, ಹೊಸ ಹಾಲ್ಟೊಂದು ಶುರುವಾಯಿತು: ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಹಾಲ್ಟ್. ಕಟ್ಟಿಸಿದ್ದು ವಿಮಾನ ನಿಲ್ದಾಣದವರೇ. ಸಾವಿರಾರು ರೂಪಾಯಿ ಟ್ಯಾಕ್ಸಿಗೆ ಕೊಡುವ ಕಡೆ ಹತ್ತು ಹದಿನೈದು ರೂಪಾಯಿಗೆ ರೈಲು ಎಂದು ಪತ್ರಿಕೆಗಳು ಬರೆದವು. ಜನ ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ. ವಿಮಾನದ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದುತ್ತಿರಲಿಲ್ಲ. ರೇಷ್ಮೆಗೂಡಿನ ರೈತನಿಗೆ ಆದದ್ದೇ ವಿಮಾನದ ಪ್ರಯಾಣಿಕನಿಗೂ ಆಯಿತು. ಒಂದು ಶತಮಾನದ ಅಂತರದಲ್ಲಿ ಅದೇ ಹಳಿಯ ಮೇಲೆ ಹುಟ್ಟಿದ ಈ ಎರಡು ಹಾಲ್ಟುಗಳಲ್ಲಿ, ವಿಮಾನದ ಹಾಲ್ಟಿನ ಬಗ್ಗೆ ಒಂದೇ ವಾರದಲ್ಲಿ ಬರೆದಷ್ಟನ್ನು ನಂದಿ ಹಾಲ್ಟಿನ ಬಗ್ಗೆ ಅದರ ಮೊದಲ ಐವತ್ತು ವರ್ಷಗಳಲ್ಲಿ ಬರೆದಿರಲಾರರು.

ಅಷ್ಟರಲ್ಲಿ ಕೊರೊನಾ ಬಂದು ಹೋಗಿತ್ತು. 2020ರ ಮಾರ್ಚಿನಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮತ್ತೆ ಶುರುವಾದಾಗ ದೇಶದಾದ್ಯಂತ ಅವಕ್ಕೆ ಸ್ಪೆಷಲ್ ಎಂಬ ಹೆಸರು ಬಂದು, ಹತ್ತು ರೂಪಾಯಿಯ ಕನಿಷ್ಠ ದರ ಮೂವತ್ತಾಯಿತು. ಹಲವು ಹಾಲ್ಟುಗಳ ನಿಲುಗಡೆ ವೇಳಾಪಟ್ಟಿಯಿಂದ ಸದ್ದಿಲ್ಲದೆ ಮಾಯವಾಯಿತ. ದರ ಮತ್ತೆ ಹತ್ತಕ್ಕೆ ಇಳಿದದ್ದು 2024ರ ಆರಂಭದಲ್ಲಿ. ಒಂದು ಊರಿನ ನಿಲ್ದಾಣ ಮುಚ್ಚಬೇಕಾದರೆ ಆದೇಶ ಹೊರಡುತ್ತದೆ, ಪ್ರತಿಭಟನೆ ಆಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಹಾಲ್ಟನ್ನು ಮುಚ್ಚಬೇಕಿಲ್ಲ. ವೇಳಾಪಟ್ಟಿಯ ಒಂದು ಸಾಲು ತೆಗೆದರೆ ಸಾಕು. 2023ರ ಡಿಸೆಂಬರಿನಲ್ಲಿ ದೇವನಹಳ್ಳಿಯವರೆಗೆ ಬರುತ್ತಿದ್ದ ಮೆಮು ರೈಲನ್ನು ಚಿಕ್ಕಬಳ್ಳಾಪುರದವರೆಗೆ ವಿಸ್ತರಿಸಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್‌ಗಳಲ್ಲಿ ನಿಲುಗಡೆ ಕೊಟ್ಟರು. ನಂದಿಯ ಕಟ್ಟಡಕ್ಕೆ ಆದ ಜೀರ್ಣೋದ್ಧಾರಕ್ಕಿಂತ ದೊಡ್ಡ ಜೀರ್ಣೋದ್ಧಾರ ಇದು ಎಂದು ನಾನು ಹೇಳುತ್ತೇನೆ, ಗಾರೆ ಕೆಲಸದವರು ಕ್ಷಮಿಸಬೇಕು. ವಿದ್ಯುತ್ತಿನಿಂದ ಓಡುವ ಮೆಮು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಪುಟ್ಟ ರೈಲಿನ ಕಾಲದಂತೆ ನಿಲ್ಲುವುದು ಮತ್ತೆ ಸ್ವಲ್ಪ ಅಗ್ಗವಾಗಿದೆ.

ಹಾಲ್ಟಿನ ಚರಿತ್ರೆ ಬರೆಯುವುದು ಹೇಗೆ ಎಂಬ ಮೊದಲಿನ ಪ್ರಶ್ನೆಗೆ ನನಗೆ ಸಿಕ್ಕಿರುವ ದಾರಿ ಹಳೆಯ ವೇಳಾಪಟ್ಟಿಗಳು. ಗುಜರಿ ಅಂಗಡಿಯಲ್ಲೂ ಸಿಗುವ, ಯಾರೂ ಜೋಪಾನ ಮಾಡದ ಪುಸ್ತಕಗಳವು. ಒಂದು ಊರಿನ ಎದುರು ಗಂಟೆ ನಿಮಿಷ ಇದ್ದರೆ ರೈಲು ನಿಂತಿತ್ತು. ಸಣ್ಣ ಗೀಟು ಇದ್ದರೆ ನಿಂತಿರಲಿಲ್ಲ. ಹತ್ತು ವರ್ಷಗಳ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಊರಿನವರು ಯಾವ ವರ್ಷದಿಂದ ಬೆಳಗಿನ ಕೋರ್ಟಿಗೆ, ಕಾಲೇಜಿಗೆ, ಆಸ್ಪತ್ರೆಗೆ ರೈಲಿನಲ್ಲಿ ಹೋಗಲಾಗದಂತಾಯಿತು ಎಂಬುದು ಆ ಗೀಟುಗಳಲ್ಲಿ ಕಾಣುತ್ತದೆ. ಇನ್ನೊಂದು ವಿಷಯವೂ ಅದರಲ್ಲಿ ಕಾಣುತ್ತದೆ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರು. ಗೌರಿಬಿದನೂರಿನ ಜನರಿಗೆ ಜಿಲ್ಲಾ ಕಚೇರಿ ಚಿಕ್ಕಬಳ್ಳಾಪುರದಲ್ಲಿ. ಆದರೆ ರೈಲಿನಲ್ಲಿ ಅಲ್ಲಿಗೆ ಹೋಗಬೇಕಾದರೆ ದಕ್ಷಿಣಕ್ಕೆ ಯಲಹಂಕದವರೆಗೆ ಇಳಿದು, ರೈಲು ಬದಲಿಸಿ, ಮತ್ತೆ ಉತ್ತರಕ್ಕೆ ಬರಬೇಕು. ಎರಡು ಊರುಗಳ ನಡುವೆ ನೇರ ಹಳಿ ಹಾಕುವ ಮಾತು ಬಜೆಟ್ಟಿನ ಪಟ್ಟಿಗಳಲ್ಲಿ ಬಂದುಹೋಗುತ್ತಿದೆ. ಬಾಗೇಪಲ್ಲಿಗೂ ಗುಡಿಬಂಡೆಗೂ ಇಂದಿಗೂ ಹಳಿಯೇ ಇಲ್ಲ. ಆ ಊರುಗಳು ವೇಳಾಪಟ್ಟಿಯಲ್ಲಿ ಗೀಟಾಗಿಯೂ ಇಲ್ಲ.